ದೀಪ ಹಚ್ಚುವ ಮೊದಲು ಚಾರ್ಜಿಗೆ ಹಾಕಬೇಕು

ಪೆಟ್ರೋಲ್ ಮುಗಿದು ನಿಂತ ಸ್ಕೂಟರನ್ನು ಒಂದು ಮಗ್ಗುಲಿಗೆ ಬಾಗಿಸಿ, ಟ್ಯಾಂಕಿನ ಮೂಲೆಯಲ್ಲಿ ಉಳಿದ ಹನಿಗಳನ್ನು ಇಳಿಸಿ, ಹೇಗೋ ಬಂಕ್ ಮುಟ್ಟಿಸುವ ವಿದ್ಯೆ ನಮ್ಮಲ್ಲಿ ಎಲ್ಲರಿಗೂ ಬರುತ್ತದೆ. ಎಲೆಕ್ಟ್ರಿಕ್ ಸ್ಕೂಟರು ಬಂದ ಹೊಸದರಲ್ಲಿ ಜನ ಅದನ್ನೂ ಬಾಗಿಸುತ್ತಿದ್ದರು. ಬಾಗಿಸಿ, ಸ್ವಲ್ಪ ಹೊತ್ತು ಕಾದು, ನೆಟ್ಟಗೆ ನಿಲ್ಲಿಸಿದರೆ ಗಾಡಿ ನಿಜಕ್ಕೂ ಹೊರಡುತ್ತಿತ್ತು. ಸುಸ್ತಾದ ಬ್ಯಾಟರಿಗೆ ಕೊಂಚ ವಿಶ್ರಾಂತಿ ಸಿಕ್ಕರೆ ವೋಲ್ಟೇಜು ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಅಷ್ಟೇ. ಬಾಗಿಸದೆ ಸುಮ್ಮನೆ ನಿಂತಿದ್ದರೂ ಹೊರಡುತ್ತಿತ್ತು. ನಾನು ಇದನ್ನು ಹೇಳಿದರೆ, "ಮೂಲೇಲಿ ಇತ್ತು ಸಾರ್ ಕರೆಂಟು" ಎಂದು ನನಗೇ ಪಾಠ ಮಾಡಿ ಹೋಗುತ್ತಿದ್ದರು.

ನಾನು ಪೀಣ್ಯದಲ್ಲಿ ಬಹಳ ವರ್ಷ ಮೋಟಾರು ರಿವೈಂಡಿಂಗ್ ಮಾಡಿ, ಆಮೇಲೆ ಬೊಮ್ಮಸಂದ್ರದಲ್ಲಿ ಎಲೆಕ್ಟ್ರಿಕ್ ಸ್ಕೂಟರು ಜೋಡಿಸುವ ಒಂದು ಸಣ್ಣ ಕಂಪನಿಯ ಸರ್ವಿಸ್ ವಿಭಾಗ ಸೇರಿದವನು. ಹೊಸೂರು ರಸ್ತೆಯ ಮೇಲ್ಸೇತುವೆಗೆ ಕಂಬಗಳು ಏಳುತ್ತಿದ್ದ ಕಾಲ ಅದು. ಆ ಕಂಪನಿ ಈಗ ಇಲ್ಲ, ಆ ಶೆಡ್ಡಿನಲ್ಲಿ ಈಗ ಮಾತ್ರೆಯ ಡಬ್ಬಿ ಮಾಡುತ್ತಾರಂತೆ. ನಿವೃತ್ತನಾದ ಮೇಲೆ ಒಂದು ತರಬೇತಿ ಕೇಂದ್ರದವರು, ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರಿಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದರು. ಅಲ್ಲೊಬ್ಬಳು ಹುಡುಗಿ, "ಸಾರ್, ಬ್ಯಾಟರಿ ಚಾರ್ಜಿಗೆ ಹಾಕೋಕೆ ಬೆಸ್ಟ್ ಟೈಮ್ ಯಾವ್ದು?" ಎಂದು ಕೇಳಿದಳು. "ಸಂಜೆ ದೀಪ ಹಚ್ಚೋಕೆ ಮುಂಚೆ" ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಮೈಲೇಜಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಗಾಡಿಯ ಮೇಲೆ 'ಒಂದು ಚಾರ್ಜಿಗೆ ಅರವತ್ತು ಕಿಲೋಮೀಟರು' ಎಂಬ ಹಸಿರು ಸ್ಟಿಕ್ಕರ್ ಇತ್ತು. ಅದು ಸುಳ್ಳಲ್ಲ. ನಮ್ಮ ಟೆಸ್ಟ್ ರೈಡರ್ ಕುಮಾರ ಗಾಳಿ ಬಂದರೆ ಕಂಬ ಹಿಡಿದುಕೊಳ್ಳಬೇಕಾದಂಥ ಆಳು. ಅವನು ಭಾನುವಾರ ಬೆಳಿಗ್ಗೆ, ಫ್ಯಾಕ್ಟರಿಗಳಿಗೆ ರಜೆ ಇದ್ದಾಗ, ಖಾಲಿ ಇಂಡಸ್ಟ್ರಿಯಲ್ ಏರಿಯಾದ ಸಮತಟ್ಟು ರಸ್ತೆಯಲ್ಲಿ, ಲೈಟು ಹಾಕದೆ, ಬ್ರೇಕು ಹಿಡಿಯದೆ, ಎದೆಯನ್ನು ಹ್ಯಾಂಡಲಿಗೆ ಒತ್ತಿಕೊಂಡು ಓಡಿಸಿದಾಗ ಅರವತ್ತು ಬಂದಿತ್ತು. ಒಂದು ಸಲ ಬಂದಿತ್ತು. ನಮ್ಮ ಗಿರಾಕಿಗಳು ಊಟ ಮಾಡುವವರು, ಹಿಂದೆ ಹೆಂಡತಿಯನ್ನು ಕೂರಿಸಿಕೊಳ್ಳುವವರು, ಮುಂದೆ ಗ್ಯಾಸ್ ಸಿಲಿಂಡರ್ ಇಟ್ಟುಕೊಳ್ಳುವವರು. ಅವರಿಗೆ ನಲವತ್ತು ಬಂದರೆ ನಮ್ಮ ಪುಣ್ಯ.

ಆಯುಧಪೂಜೆ ಮುಗಿದ ಮಾರನೆಯ ದಿನ ನಮಗೆ ವರ್ಷದಲ್ಲೇ ಅತಿ ಹೆಚ್ಚು ಫೋನು ಬರುತ್ತಿತ್ತು. ಗಾಡಿ ಚಾರ್ಜ್ ಆಗುತ್ತಿಲ್ಲ, ಎಲ್ಲರದೂ ಅದೇ ದೂರು. ಹೋಗಿ ನೋಡಿದರೆ ಚಾರ್ಜಿಂಗ್ ಸಾಕೆಟ್ಟಿನ ಮೂರೂ ತೂತಿಗೆ ಗಂಧ, ಅರಿಶಿನ, ಕುಂಕುಮ ಭಕ್ತಿಯಿಂದ ತುಂಬಿರುತ್ತಿತ್ತು. ಚಕ್ರಕ್ಕೆ ನಿಂಬೆಹಣ್ಣು, ಹ್ಯಾಂಡಲಿಗೆ ಹಾರ ಆದ ಮೇಲೆ, ಗಾಡಿಗೆ ಬಾಯಿ ಇರುವುದೇ ಅಲ್ಲಿ ಎಂದು ಅಲ್ಲಿಗೂ ಪೂಜೆ. ಬೈಯುವ ಹಾಗಿಲ್ಲ, ಬೈದರೆ ದೇವರಿಗೆ ಬೈದಂತೆ. ನಾನು ಹಳೆಯ ಹಲ್ಲುಜ್ಜುವ ಬ್ರಷ್ಷುಗಳನ್ನು ವರ್ಷವಿಡೀ ಕೂಡಿಟ್ಟುಕೊಂಡು ಆ ವಾರ ಖರ್ಚು ಮಾಡುತ್ತಿದ್ದೆ.

ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಇಂಜಿನಿಯರರ ಗಾಡಿ ಆಫೀಸಿನಿಂದ ಮನೆಗೆ ಹೋಗುವಾಗ ಮಾತ್ರ ದಾರಿಯಲ್ಲಿ ನಿಲ್ಲುತ್ತಿತ್ತು. ಅವರು ಕಂಪ್ಯೂಟರಿನಲ್ಲಿ ಗ್ರಾಫು ಬರೆದು ತಂದು, ಬ್ಯಾಟರಿಯ ಒಂದು ಸೆಲ್ಲು ಹಾಳಾಗಿದೆ ಎಂದು ನನಗೆ ತೋರಿಸಿದರು. ನಾನು ಅವರ ಆಫೀಸಿನ ಬೇಸ್‌ಮೆಂಟಿಗೆ ಹೋದೆ. ಅಲ್ಲಿದ್ದ ಒಂದೇ ಪ್ಲಗ್ಗಿನಲ್ಲಿ ಸೆಕ್ಯುರಿಟಿಯವರ ಟೀ ಕೆಟಲ್ ಕುದಿಯುತ್ತಿತ್ತು, ಪಕ್ಕದಲ್ಲಿ ನಮ್ಮ ಚಾರ್ಜರಿನ ವೈರನ್ನು ನೀಟಾಗಿ ಸುತ್ತಿ ಇಟ್ಟಿದ್ದರು. "ಸಂಜೆ ಸಾರ್ ಬರೋ ಟೈಮಿಗೆ ವಾಪಸ್ ಹಾಕ್ಬಿಡ್ತೀನಿ ಅಣ್ಣ" ಎಂದು ಸೆಕ್ಯುರಿಟಿಯವರು ಹೇಳಿದರು. ನನಗೂ ಒಂದು ಲೋಟ ಟೀ ಕೊಟ್ಟರು, ಚೆನ್ನಾಗಿತ್ತು.

ಇಂಥವನ್ನೆಲ್ಲ ನೋಡಿದ ಮೇಲೆ ನಮ್ಮ ಸರ್ವಿಸ್ ಮ್ಯಾನೇಜರ್ ಪ್ರಭಾಕರ್ ಒಂದು ಸಿದ್ಧಾಂತಕ್ಕೆ ಬಂದಿದ್ದರು. ಅವರು ಮೊದಲು ನೀರಿನ ಫಿಲ್ಟರ್ ಮಾರುವ ಕಂಪನಿಯಲ್ಲಿದ್ದವರು. "ನಾಗರಾಜ್, ಗಾಡಿ ಸುಳ್ಳು ಹೇಳಲ್ಲ. ಕಸ್ಟಮರ್ ಹೇಳ್ತಾನೆ" ಎನ್ನುತ್ತಿದ್ದರು. ಗ್ಯಾರಂಟಿಯಲ್ಲಿ ಬ್ಯಾಟರಿ ಬದಲಾಯಿಸಿ ಕೊಡಬೇಕೆಂದರೆ, ಗಿರಾಕಿ ಸುಳ್ಳು ಹೇಳುತ್ತಿಲ್ಲ ಎಂದು ನಾನು ಅವರಿಗೆ ತೋರಿಸಬೇಕಾಗಿತ್ತು.

ಶಾಂತವ್ವನ ಫೋನು ಬಂದದ್ದು ಈ ಸಿದ್ಧಾಂತ ಭರದಲ್ಲಿದ್ದ ಕಾಲದಲ್ಲೇ.

ಆಕೆ ಕುಷ್ಟಗಿ ಕಡೆಯ ಹೆಂಗಸು. ಬೊಮ್ಮಸಂದ್ರದ ಹಿಂದಿನ ಹಳ್ಳಿಯಲ್ಲಿ, ಈಗ ಊರು ಯಾವುದು ಫ್ಯಾಕ್ಟರಿ ಯಾವುದು ಗೊತ್ತಾಗದ ಜಾಗದಲ್ಲಿ, ಸಾಲುಮನೆಯೊಂದರಲ್ಲಿ ಬಾಡಿಗೆಗಿದ್ದಳು. ಅದೇ ಸಾಲಿನ ಇನ್ನಿಬ್ಬರು ಹೆಂಗಸರನ್ನು ಕಟ್ಟಿಕೊಂಡು ಬೆಳಗಿನ ಜಾವದಿಂದ ಜೋಳದ ರೊಟ್ಟಿ ಬಡಿದು, ಬೊಮ್ಮನಹಳ್ಳಿಯ ಒಂದು ಹಾಸ್ಟೆಲ್ಲಿಗೆ ಮಧ್ಯಾಹ್ನದ ಊಟಕ್ಕೆ ಮುಟ್ಟಿಸುತ್ತಿದ್ದಳು. ಆ ಹಾಸ್ಟೆಲ್ಲಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಉತ್ತರ ಕರ್ನಾಟಕದ ಹುಡುಗಿಯರೇ ತುಂಬಿದ್ದರು. ಬಸ್ಸಿನಲ್ಲಿ ಒಯ್ದರೆ ನೂಕುನುಗ್ಗಲಿಗೆ ರೊಟ್ಟಿ ಪುಡಿ. ಲೈಸೆನ್ಸು ಬೇಡದ ಗಾಡಿ ಎಂದು ಕೇಳಿ ನಮ್ಮ ಸ್ಕೂಟರು ಕೊಂಡಿದ್ದಳು. ಮೂವರ ಸಂಸಾರ ಆ ಗಾಡಿಯ ಹಿಂದಿನ ಬುಟ್ಟಿಯ ಮೇಲೆ ನಡೆಯುತ್ತಿತ್ತು.

"ಸರ, ನಾ ಶಾಂತವ್ವ ಮಾತಾಡೋದ್ರಿ. ಗಾಡಿ ನಿಂತೈತ್ರಿ. ಕೂಡ್ಲು ಗೇಟಿನ ಹತ್ರ ಅದೀನ್ರಿ. ಬಾಗಿಸಿ ನೋಡೇನ್ರಿ, ಎರಡೂ ಕಡೆ."

ಹೋದೆ. ಮೇಲ್ಸೇತುವೆಯ ಕಂಬದ ನೆರಳಿನಲ್ಲಿ ಗಾಡಿ ಮಲಗಿತ್ತು, ಪಕ್ಕದಲ್ಲಿ ಆಕೆ ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಲಾರಿಗಳ ಧೂಳು ಬೀಳದಿರಲಿ ಎಂದು ಸೆರಗು ಬುಟ್ಟಿಗೆ ಹೊದಿಸಿದ್ದಳು, ತಲೆ ಪೂರ್ತಿ ಧೂಳಾಗಿತ್ತು. ಬ್ಯಾಟರಿಗೆ ಮೀಟರ್ ಹಿಡಿದೆ. ಪೂರಾ ಬರಿದು.

"ನಿನ್ನೆ ಚಾರ್ಜಿಗೆ ಹಾಕಿದ್ರೇನಮ್ಮ?"

"ದಿನಾ ಹಾಕ್ತೀನ್ರಿ. ದೀಪಾವಳಿ ತನಕ ಹೋಗಿ ಬಂದ್ರೂ ಇನ್ನೂ ಉಳೀತಿತ್ರಿ. ಈಗ ಮೂರು ವಾರ ಆತು, ಹೋಗೂಮುಂದ ನಿಂತಬಿಡತೈತಿ. ಸೋಮವಾರದಿಂದ ಹೊತ್ತಿಗೆ ಸರಿಯಾಗಿ ರೊಟ್ಟಿ ಬರಲಿಲ್ಲಂದ್ರ ಬ್ಯಾರೇದವರಿಗೆ ಹೇಳ್ತೀನಿ ಅಂದಾರ್ರಿ ಹಾಸ್ಟೆಲ್ನವರು. ನಾ ಒಬ್ಬಾಕಿ ಆದ್ರ ಹೆಂಗರ ಮಾಡ್ತಿದ್ದೆ. ಮೂರು ಮಂದಿ ಅದೀವ್ರಿ."

ಅಂದು ಗುರುವಾರ. ರೊಟ್ಟಿಯನ್ನು ನನ್ನ ಬೈಕಿನಲ್ಲೇ ಹಾಸ್ಟೆಲ್ಲಿಗೆ ಮುಟ್ಟಿಸಿ, ಗಾಡಿಯನ್ನು ಟೆಂಪೋಗೆ ಏರಿಸಿ ಶೆಡ್ಡಿಗೆ ತಂದೆ. ಇಡೀ ರಾತ್ರಿ ಚಾರ್ಜಿಗೆ ಹಾಕಿ ಬೆಳಿಗ್ಗೆ ಪರೀಕ್ಷೆ ಮಾಡಿದರೆ ಬ್ಯಾಟರಿ ಸ್ವಲ್ಪ ಸೊರಗಿತ್ತು, ಸತ್ತಿರಲಿಲ್ಲ. ಚಾರ್ಜರು ಸರಿಯಾಗಿತ್ತು, ಮೋಟಾರೂ ಸರಿಯಾಗಿತ್ತು. ಪ್ರಭಾಕರ್ ಸಾರ್ ಮುಖ ಅರಳಿತು.

"ನೋಡಿದ್ರಾ? ಆಯಮ್ಮ ಚಾರ್ಜೇ ಮಾಡಲ್ಲ. ಕರೆಂಟ್ ಉಳಿಸ್ತಾಳೆ. ಬ್ಯಾಟರಿ ಕೊಡಲ್ಲ ಅಂತ ಹೇಳಿ ಕಳಿಸಿ."

"ಆಯಮ್ಮ ಸುಳ್ಳು ಹೇಳೋ ತರ ಕಾಣಲ್ಲ ಸಾರ್."

"ಸುಳ್ಳು ಹೇಳೋರು ಯಾರೂ ಹಂಗೆ ಕಾಣಲ್ಲ ನಾಗರಾಜ್. ಬೇಕಾದ್ರೆ ಹೋಗಿ ಕೂತ್ಕೊಂಡು ನೋಡಿ."

ಹೊಸಬರಿಗೆ ನಾನು ಹೇಳುವ ಮೊದಲ ಬುದ್ಧಿಮಾತು ಇದೇ: ಹೋಗಿ ಕೂತುಕೊಂಡು ನೋಡಿ. ಅದನ್ನು ಹೇಳಿದ್ದು ಪ್ರಭಾಕರ್ ಸಾರ್, ವ್ಯಂಗ್ಯಕ್ಕೆ ಹೇಳಿದ್ದರು, ಆದರೂ ಮಾತು ಸರಿಯಾಗಿಯೇ ಇತ್ತು.

ಶುಕ್ರವಾರ ಸಂಜೆ ಗಾಡಿಯನ್ನು ಅವಳಿಗೆ ವಾಪಸು ಮುಟ್ಟಿಸಿ, ಶನಿವಾರ ಸಂಜೆ ಅವಳ ಮನೆಗೆ ಹೋದೆ. ಸಾಲುಮನೆಯ ಮುಂದೆಯೇ ಮಾಲೀಕ ಮುನಿರಾಜು ಅವರ ಮೂರಂತಸ್ತಿನ ಮನೆ. ಮುಂಚೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಬೆಳೆಯುತ್ತಿದ್ದರು. ಶಾಂತವ್ವ ಮಧ್ಯಾಹ್ನ ಬೊಮ್ಮನಹಳ್ಳಿಯಿಂದ ಬಂದವಳು ಮತ್ತೆ ಗಾಡಿಯಲ್ಲೇ ಜೋಳ ಬೀಸಿಸಲು ಗಿರಣಿಗೆ ಹೋಗಿ, ಹೊತ್ತು ಇಳಿಯುವಾಗ ಬಂದಳು. ಬಂದವಳೇ ಮೊದಲು ಚಾರ್ಜಿಗೆ ಹಾಕಿದಳು. ಚಾರ್ಜರಿನ ಕೆಂಪು ದೀಪ ಹತ್ತಿತು. ಆಮೇಲೆ ನನಗೆ ಜಗಲಿಯ ಮೇಲೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಟ್ಟಳು. ತಿನ್ನುತ್ತಾ ಕೆಂಪು ದೀಪ ನೋಡುತ್ತಾ ಕೂತೆ. ಕೆಲಸದ ಮೇಲೆ ಇದ್ದಾಗ ಇಷ್ಟು ರುಚಿಯಾಗಿ ತಿಂದದ್ದು ನೆನಪಿಲ್ಲ.

ಮುಸ್ಸಂಜೆಯಾಯಿತು. ದೊಡ್ಡ ಮನೆಯಿಂದ ಮುನಿರಾಜು ಅವರ ತಾಯಿ ಪಿಳ್ಳಮ್ಮ ಹೊರಗೆ ಬಂದರು. ಎಂಬತ್ತರ ಆಸುಪಾಸಿನ ಅಜ್ಜಿ, ಕೈಯಲ್ಲಿ ಎಣ್ಣೆದೀಪ. ತುಳಸಿಕಟ್ಟೆಯಲ್ಲಿ ದೀಪ ಇಟ್ಟು ಕೈಮುಗಿದರು. ಆಮೇಲೆ ನೇರ ಮೀಟರ್ ಬೋರ್ಡಿನ ಹತ್ತಿರ ಹೋಗಿ, ಸೆರಗನ್ನು ಕೈಗೆ ಸುತ್ತಿಕೊಂಡು, ಬಲಗಡೆಯ ಪಿಂಗಾಣಿ ಫ್ಯೂಸನ್ನು ಕಿತ್ತುಕೊಂಡು ಒಳಗೆ ಹೋದರು. ಬದನೆಕಾಯಿ ಕೀಳುವಷ್ಟೇ ಸಲೀಸಾಗಿ ಕಿತ್ತರು.

ಮನೆಗಳ ಬಲ್ಬುಗಳೆಲ್ಲ ಉರಿಯುತ್ತಲೇ ಇದ್ದವು. ಚಾರ್ಜರಿನ ಕೆಂಪು ದೀಪ ಆರಿತು.

ಶಾಂತವ್ವ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. "ನೋಡ್ರಿ ಸರ, ತುಂಬಿತು. ಮೊದಲ ರಾತ್ರಿಪೂರಾ ಹಿಡೀತಿತ್ರಿ, ಈಗ ಒಂದು ತಾಸು ಸುದ್ದಾ ಹಿಡಿಯಂಗಿಲ್ಲ. ಭಾಳ ಛಲೋ ಗಾಡಿರಿ."

ಕೆಂಪು ಆರಿದರೆ ಚಾರ್ಜ್ ಆಯಿತು ಎಂದು ಅಂಗಡಿಯಲ್ಲಿ ಗಾಡಿ ಕೊಡುವಾಗ ಹೇಳಿದ್ದರು. ಹಸಿರು ಹತ್ತಬೇಕು ಎಂಬ ಮಿಕ್ಕರ್ಧವನ್ನು ಹೇಳಲು ಅವರಿಗೆ ಪುರುಸೊತ್ತಿರಲಿಲ್ಲ. ಆಕೆ ಬೆಳಗಿನ ಜಾವ ಎದ್ದಾಗ, ಹೊಟ್ಟೆ ತುಂಬಿದ ಮೇಲೂ ತಿನ್ನಿಸಬಾರದೆಂದು ಪ್ಲಗ್ಗು ಕಿತ್ತಿಡುತ್ತಿದ್ದಳು. ಎಂಟು ಗಂಟೆ ಉಣ್ಣಬೇಕಾದ ಗಾಡಿ ಮೂರು ವಾರದಿಂದ ನಾಲ್ಕು ತುತ್ತಿಗೇ ಏಳುತ್ತಿತ್ತು.

ಮುನಿರಾಜು ಅವರನ್ನು ಕರೆದು ಕೇಳಿದೆ. ಅವರು ಸಂಕೋಚದಿಂದ ತಲೆ ಕೆರೆದುಕೊಂಡರು. ಆಗ ಎಲ್ಲ ಬಿಚ್ಚಿಕೊಂಡಿತು. ಲೈಟಿನ ಲೈನ್ ಬೇರೆ, ಪ್ಲಗ್ಗಿನ ಪವರ್ ಲೈನ್ ಬೇರೆ. ದೀಪ ಹಚ್ಚಿದ ಮೇಲೆ ಮನೆಯಿಂದ ಹೊರಗಿನವರಿಗೆ ಉಪ್ಪು, ಹಾಲು, ಮೊಸರು ಕೊಡಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬುದು ನಿಮಗೂ ಗೊತ್ತಿರಬಹುದು. ಪಿಳ್ಳಮ್ಮನವರ ಪಟ್ಟಿಯಲ್ಲಿ ಪವರೂ ಇತ್ತು. ಬಲ್ಬು ಉರಿಯಲಿ, ಅದು ದೀಪ, ದೀಪ ಆರಿಸಬಾರದು. ಪವರು ಮಾತ್ರ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವ ತನಕ ದೇವರ ಮನೆಯಲ್ಲಿ, ಲಕ್ಷ್ಮಿಯ ಪಟದ ಕೆಳಗೆ. ಶಾಂತವ್ವ ಗಾಡಿ ಕೊಂಡ ಹೊಸದರಲ್ಲಿ ಅಜ್ಜಿ ಮಾಲೂರಿಗೆ ಮೊಮ್ಮಗಳ ಬಾಣಂತನಕ್ಕೆ ಹೋಗಿದ್ದರು. ವಾಪಸು ಬಂದದ್ದು ದೀಪಾವಳಿಗೆ.

"ನೀವು ಹೇಳಬಾರದಾ ಅಮ್ಮನಿಗೆ?" ಎಂದೆ.

"ನಾನು ಹೇಳೋದಾ?" ಮುನಿರಾಜು ತಮ್ಮ ಅಂಗಿ ತೋರಿಸಿದರು. ಮುದುಡಿತ್ತು. "ನಾಳೆ ಮದ್ವೆಗೆ ಹೋಗ್ಬೇಕು ಸಾರ್, ಇಸ್ತ್ರಿ ಹಾಕ್ಕೊಳ್ಳೋಕೆ ನಂಗೇ ಪವರ್ ಇಲ್ಲ. ಎರಡೂ ಮನೆಗೆ ಒಂದೇ ಫ್ಯೂಸು."

ಕೊನೆಗೆ ಪಿಳ್ಳಮ್ಮನವರನ್ನೇ ಕರೆದರು. ನಾನು ಗಂಟಲು ಸರಿ ಮಾಡಿಕೊಂಡು ಬ್ಯಾಟರಿ ಎಂದರೇನು, ಎಷ್ಟು ಹೊತ್ತು ಚಾರ್ಜ್ ಬೇಕು, ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಲ್ಲವನ್ನೂ ವಿವರಿಸಿದೆ. ಅಜ್ಜಿ ಎಲೆಅಡಿಕೆ ಮೆಲ್ಲುತ್ತಾ ತಾಳ್ಮೆಯಿಂದ ಕೇಳಿಸಿಕೊಂಡರು.

"ಎಲ್ಲಾ ಸರಿ ಕಣಪ್ಪ. ದೀಪ ಅಚ್ಚಿದ್ ಮ್ಯಾಕೆ ಕೊಡಾಂಗಿಲ್ಲ."

"ಅಜ್ಜಿ, ಕರೆಂಟು ನಿಮ್ಮ ಮನೇದಲ್ಲ. ಕರೆಂಟ್ ಕಂಪನಿಯವರದ್ದು."

"ಆಲು ಅಸೂದು. ಅಂಗಂತ ಸಂಜೆ ಮ್ಯಾಕೆ ನಿಮ್ಮನೇಲಿ ಕೊಡ್ತಾರಾ?"

ಸಂಜೆಯ ಮೇಲೆ ನಮ್ಮ ಮನೆಯಲ್ಲೂ ಹಾಲು ಕೊಡುತ್ತಿರಲಿಲ್ಲ. ನಾನು ಮುನಿರಾಜು ಮುಖ ನೋಡಿದೆ, ಅವರು ತುಳಸಿಕಟ್ಟೆ ನೋಡಿದರು. ನಾಡಿದ್ದು ಸೋಮವಾರ. ಬಾಗಿಲಲ್ಲಿ ನಿಂತಿದ್ದ ಇನ್ನಿಬ್ಬರು ಹೆಂಗಸರಲ್ಲಿ ಒಬ್ಬಾಕೆ ಕಣ್ಣು ಒರೆಸಿಕೊಂಡಳು. ನಾನು ಆಗ ತಾನೇ ಅವರ ರೊಟ್ಟಿ ತಿಂದಿದ್ದೆ.

ಅಷ್ಟು ಹೊತ್ತೂ ಆರಿದ ಚಾರ್ಜರನ್ನೇ ನೋಡುತ್ತಿದ್ದ ಶಾಂತವ್ವ ಅಜ್ಜಿಯ ಹತ್ತಿರ ಬಂದು ಕೂತಳು.

"ಯಮ್ಮಾ, ಒಂದು ಮಾತು ಕೇಳಲಿ? ದೀಪ ಹಚ್ಚೂಕಿಂತ ಮೊದಲ ನಿಮ್ಮ ಮನಿಗೆ ಯಾರರ ಬಂದು ಉಣ್ಣಾಕ ಕುಂತಿದ್ರ, ದೀಪ ಹಚ್ಚಿದ ಮ್ಯಾಲೆ ಅವರನ್ನ ಎಬ್ಬಿಸ್ತೀರೇನು?"

ಅಜ್ಜಿಯ ದವಡೆ ನಿಂತಿತು. "ಎಲೆ ಮುಂದೆ ಕುಂತವ್ರನ್ನ ಎಬ್ಬಿಸ್ತಾರೇನೇ? ಯಾವ ಊರಿನ್ ಮಾತು!"

"ಮತ್ತ ನನ್ನ ಗಾಡಿ ಬೆಳಕಿದ್ದಾಗ ಕುಂತಿತ್ತಲ್ಲ ಯಮ್ಮಾ. ನಾಕು ತುತ್ತು ಉಂಡಿತ್ತು. ನೀವು ಕೈ ಹಿಡಿದು ಎಬ್ಬಿಸಿದ್ರಿ. ದಿನಾ ಎಬ್ಬಿಸ್ತೀರಿ. ಪಾಪ, ಅರ್ಧ ಹೊಟ್ಟೀಲೆ ಅಷ್ಟು ದೂರ ಹೋಗತೈತಿ, ನಡುದಾರ್ಯಾಗ ಬೀಳತೈತಿ."

ಅಜ್ಜಿ ಸ್ಕೂಟರಿನ ಕಡೆ ನೋಡಿದರು. ಅದು ಗೋಡೆಗೆ ಒರಗಿಕೊಂಡು, ವೈರು ಬಾಯಲ್ಲೇ ಇಟ್ಟುಕೊಂಡು ನಿಂತಿತ್ತು. ಅವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಫ್ಯೂಸು ಇತ್ತು, ಅದಕ್ಕೆ ಕುಂಕುಮ ಅಂಟಿತ್ತು.

"ಉಣ್ಣಕ್ ಕುಂತೈತೆ ಅಂತ ಮೊದ್ಲೇ ಯೋಳಬಾರ್ದಾ?" ಎಂದು ಶಾಂತವ್ವನಿಗೆ ಗದರಿದರು. "ಎಷ್ಟ್ ಪಾಪ ಕಟ್ಕಂಡ್ನೋ ಏನೋ."

ಫ್ಯೂಸು ಸಿಕ್ಕಿಸಿದರು. ಕೆಂಪು ದೀಪ ಹತ್ತಿತು. ಅದು ಹಸಿರಾಗುವ ತನಕ ತುಂಬಿದಂತಲ್ಲ ಎಂದು ನಾನು ಹೇಳಿದೆ. ಅವತ್ತು ನನ್ನ ಕಡೆಯಿಂದ ನಡೆದ ಕೆಲಸ ಅಷ್ಟೇ. ಅಜ್ಜಿ ಅದನ್ನು ತಕ್ಷಣ ಅರ್ಥ ಮಾಡಿಕೊಂಡರು. "ಕೆಂಪು ಅಂದ್ರೆ ಉಣ್ತಾ ಐತೆ. ಅಸಿರು ಅಂದ್ರೆ ಕೈ ತೊಳ್ಕಂತು." ಇಷ್ಟು ವರ್ಷದ ನೌಕರಿಯಲ್ಲಿ ಚಾರ್ಜರನ್ನು ಇಷ್ಟು ಚಿಕ್ಕದಾಗಿ ಯಾರೂ ವಿವರಿಸಿದ್ದು ನಾನು ಕೇಳಿಲ್ಲ. ಆಮೇಲೆ ಎಲ್ಲ ಗಿರಾಕಿಗಳಿಗೂ ಹೀಗೇ ಹೇಳುತ್ತಾ ಬಂದೆ. ಆದರೆ ಅಜ್ಜಿ ಒಂದು ಷರತ್ತು ಹಾಕಿದರು. ಗಾಡಿ ದೀಪ ಹಚ್ಚುವುದಕ್ಕೆ ಮುಂಚೆಯೇ ಬಂದು ಕೂತಿರಬೇಕು. ದೀಪ ಹಚ್ಚಿದ ಮೇಲೆ ಬಂದರೆ ಇಲ್ಲ.

ಸೋಮವಾರ ಬೆಳಿಗ್ಗೆ ನಾನು ಯಾರಿಗೂ ಹೇಳದೆ ಬೈಕಿನಲ್ಲಿ ಶಾಂತವ್ವನ ಹಿಂದೆ ಹಿಂದೆಯೇ ಹೋದೆ. ಹೊಸ ರೋಡ್ ದಾಟಿದಳು, ಕೂಡ್ಲು ಗೇಟ್ ದಾಟಿದಳು, ಗಾರ್ವೆಭಾವಿಪಾಳ್ಯದ ಜಾಮಿನಲ್ಲಿ ಕಾಲು ಊರಿ ನಿಂತಳು, ಬೊಮ್ಮನಹಳ್ಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದಳು. ವಾಪಸೂ ಬಂದಳು. ಹಸಿರು ಸ್ಟಿಕ್ಕರಿನ ಅರವತ್ತು ಯಾರಿಗೆ ಬೇಕಿತ್ತು? ಹೋಗಿ ಬರುವಷ್ಟು ಬಂದರೆ ಸಾಕಿತ್ತು, ಬಂತು. ರಸ್ತೆಯಲ್ಲಿ ಒಬ್ಬನೇ ಹಲ್ಲು ಕಿರಿಯುತ್ತಾ ಹೋಗುತ್ತಿದ್ದ ನನ್ನನ್ನು ಆಟೋದವನೊಬ್ಬ ವಿಚಿತ್ರವಾಗಿ ನೋಡಿದ.

ಪ್ರಭಾಕರ್ ಸಾರ್‌ಗೆ ನಡೆದದ್ದು ಹೇಳಿದೆ. "ಹಾಗಾದ್ರೆ ಸುಳ್ಳು ಹೇಳಿದ್ದು ಯಾರು?" ಎಂದು ಕೇಳಿದರು. ಯಾರೂ ಅಲ್ಲ ಸಾರ್ ಎಂದೆ. ಅವರಿಗೆ ಅದರಿಂದ ಸಮಾಧಾನವಾಗಲಿಲ್ಲ. ಬ್ಯಾಟರಿ ಕೊಡುವ ಪ್ರಶ್ನೆಯೇ ಬರದೆ ಉಳಿದದ್ದರಿಂದ ಸುಮ್ಮನಾದರು.

ಕೆಲವು ವಾರ ಬಿಟ್ಟು, ಸೊರಗಿದ್ದ ಬ್ಯಾಟರಿ ಹೇಗಿದೆ ನೋಡೋಣವೆಂದು ಮತ್ತೆ ಆ ಕಡೆ ಹೋದೆ. ಮೇಲ್ಸೇತುವೆಯ ಕೆಲಸಕ್ಕೆ ದೊಡ್ಡ ಕ್ರೇನು ಬಂದು ಹೊಸೂರು ರಸ್ತೆ ಪೂರ್ತಿ ನಿಂತುಹೋಗಿತ್ತು. ನಾನು ತಲುಪುವಷ್ಟರಲ್ಲಿ ಮುಸ್ಸಂಜೆ ಮೀರಿತ್ತು. ಅಕ್ಕಪಕ್ಕದ ಮನೆಗಳಲ್ಲೆಲ್ಲ ಬೆಳಕು. ಗಾಡಿ ನಿಲ್ಲುವ ಜಾಗ ಖಾಲಿ. ತಡವಾಯಿತು, ನಾಳೆ ರೊಟ್ಟಿ ಹೋಗುವುದಿಲ್ಲ ಎಂದುಕೊಂಡೆ.

ಆಮೇಲೆ ನೋಡಿದರೆ ತುಳಸಿಕಟ್ಟೆಯೂ ಕತ್ತಲಾಗಿತ್ತು. ಪಿಳ್ಳಮ್ಮ ಕಟ್ಟೆಯ ಪಕ್ಕ ಕೂತಿದ್ದರು. ಎಣ್ಣೆ ಹಾಕಿ, ಬತ್ತಿ ಹೊಸೆದು ಇಟ್ಟ ದೀಪ ಮಡಿಲಲ್ಲಿತ್ತು, ಬೆಂಕಿಪೊಟ್ಟಣ ಕೈಯಲ್ಲಿತ್ತು. ಮುನಿರಾಜು ಬಾಗಿಲಲ್ಲಿ ನಿಂತು, "ಅಮ್ಮ, ಊರಲ್ಲೆಲ್ಲ ದೀಪ ಹಚ್ಚಾಯ್ತು" ಎನ್ನುತ್ತಿದ್ದರು.

"ಯಾಕಜ್ಜಿ, ಇನ್ನೂ ಹಚ್ಚಿಲ್ಲ?" ಎಂದೆ.

"ಎಂಗ್ ಅಚ್ಲಪ್ಪ? ಅವ್ಳಿನ್ನೂ ಬಂದಿಲ್ಲ."

ನಾನೂ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಓಣಿಯ ತಿರುವಿನಲ್ಲಿ ಮಂದವಾದ ಹೆಡ್‌ಲೈಟು ಕಾಣಿಸಿತು. ಶಾಂತವ್ವ ಹಿಟ್ಟಿನ ಚೀಲ ಇಳಿಸುವುದನ್ನೂ ಬಿಟ್ಟು, ಓಡಿಬಂದು ಪ್ಲಗ್ಗು ಹಾಕಿದಳು. ಕೆಂಪು ದೀಪ ಹತ್ತಿತು. ಅದು ಹತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೆ ಪಿಳ್ಳಮ್ಮ ಕಡ್ಡಿ ಗೀರಿದರು.